ನೀಟ್ ಓದು, ಮನೆಗೆಲಸ, ಆಟ: ನಿದ್ದೆ ಕೆಡಿಸದೆ ಸರಿದೂಗಿಸುವುದು ಹೇಗೆ?

ವೈದ್ಯಕೀಯ ಓದಬೇಕೆಂಬ ಆಸೆ ಈಗ ನಮ್ಮ ಸಣ್ಣ ಊರುಗಳ ಮನೆಗಳಿಗೂ ಬಂದಿದೆ. ಇದು ಸಂತೋಷದ ವಿಷಯ. ಆದರೆ ದೊಡ್ಡ ನಗರದ ಅನುಕೂಲಸ್ಥರ ಮಕ್ಕಳಿಗೆ ಪಿಯುಸಿಯ ಎರಡು ವರ್ಷ ಓದುವುದೊಂದೇ ಕೆಲಸ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆಯ ನಮ್ಮ ಎಷ್ಟೋ ಮಕ್ಕಳಿಗೆ ಹಾಗಲ್ಲ. ಹುಡುಗ ಕಾಲೇಜು ಮುಗಿಸಿ ತಂದೆಯ ಅಂಗಡಿಯಲ್ಲೋ ಗ್ಯಾರೇಜಿನಲ್ಲೋ ನಿಲ್ಲಬೇಕು. ಹುಡುಗಿ ಅಡುಗೆ, ಪಾತ್ರೆ, ತಮ್ಮ ತಂಗಿಯರನ್ನು ನೋಡಿಕೊಳ್ಳಬೇಕು. ಹೊಗೆಸೊಪ್ಪು ಬೆಳೆಯುವ ಮನೆಯಾದರೆ ಬ್ಯಾರನ್ ಕೆಲಸ ಬೇರೆ. ಇದರ ಜೊತೆಗೆ ಮದ್ರಸ, ಎನ್‌ಸಿಸಿ, ವಾಲಿಬಾಲ್.

ಇಷ್ಟರ ನಡುವೆ ಮಕ್ಕಳು ಮೊದಲು ಬಿಟ್ಟುಕೊಡುವುದು ನಿದ್ದೆಯನ್ನು. ಆಮೇಲೆ ತಲೆನೋವು, ಹೊಟ್ಟೆಯುರಿ, ‘ಓದಿದ್ದು ನೆನಪಿರುವುದಿಲ್ಲ’ ಎಂದು ದವಾಖಾನೆಗೆ ಬರುತ್ತಾರೆ. ತಾಯಂದಿರು ಜ್ಞಾಪಕಶಕ್ತಿಗೆ ಔಷಧಿ ಕೇಳುತ್ತಾರೆ. ಹೆಚ್ಚಿನ ಮಕ್ಕಳಿಗೆ ಬೇಕಿರುವುದು ಔಷಧಿಯಲ್ಲ, ಮನೆಯಲ್ಲಿ ಒಂದು ಒಪ್ಪಂದ.

ಯುನಾನಿ ವೈದ್ಯಪದ್ಧತಿಯಲ್ಲಿ ಆರೋಗ್ಯಕ್ಕೆ ಆರು ಅಗತ್ಯ ಕಾರಣಗಳನ್ನು ಹೇಳುತ್ತೇವೆ. ಇವಕ್ಕೆ ಅಸ್ಬಾಬೆ ಸಿತ್ತ ಝರೂರಿಯ ಎಂದು ಹೆಸರು: ಗಾಳಿ, ಆಹಾರ ಮತ್ತು ನೀರು, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ, ದೇಹ ಹಿಡಿದಿಡಬೇಕಾದದ್ದು ಮತ್ತು ಹೊರಹಾಕಬೇಕಾದದ್ದು. ಒಂದು ತಪ್ಪಿದರೆ ಉಳಿದವೂ ಏರುಪೇರಾಗುತ್ತವೆ. ಪರೀಕ್ಷೆಗೆ ಓದುವ ಮಕ್ಕಳಲ್ಲಿ ಇದು ಕಣ್ಣಿಗೆ ಕಾಣುವಂತಿರುತ್ತದೆ.

ಮೊದಲು ಗಂಟೆಗಳ ಲೆಕ್ಕ

ಒಂದು ಕಾಗದ ತೆಗೆದುಕೊಂಡು ಮಗುವಿನ ದಿನವನ್ನು ಬರೆಯಿರಿ. ನಿದ್ದೆಗೆ 8 ಗಂಟೆ. ಕಾಲೇಜು ಮತ್ತು ಹೋಗಿಬರುವುದಕ್ಕೆ 9 ಗಂಟೆ. ನಮಾಝ್, ಸ್ನಾನ, ಊಟಕ್ಕೆ ಎರಡೂವರೆ ಗಂಟೆ. ಉಳಿಯುವುದು ನಾಲ್ಕೂವರೆ ಗಂಟೆ ಮಾತ್ರ. ಅದರಲ್ಲಿ ಮೂರು ಗಂಟೆ ಅಂಗಡಿಗೆ ಅಥವಾ ಮನೆಗೆಲಸಕ್ಕೆ ಹೋದರೆ ಓದಿಗೆ ಸಿಗುವುದು ಒಂದೂವರೆ ಗಂಟೆ. ಮಗು ಉಳಿದದ್ದನ್ನು ನಿದ್ದೆಯಿಂದ ಕೀಳುತ್ತದೆ.

ಆದ್ದರಿಂದ ಕಾಲೇಜಿನ ದಿನಗಳಲ್ಲಿ ಮೂರು ಗಂಟೆ ಓದು, ಹೆಚ್ಚೆಂದರೆ ಒಂದು ಗಂಟೆ ಕೆಲಸ, ಅರ್ಧ ಗಂಟೆ ಆಟ ಎಂದು ಒಪ್ಪಿಕೊಳ್ಳಿ. ಹೆಚ್ಚಿನ ಕೆಲಸವಿದ್ದರೆ ಭಾನುವಾರದ ಅರ್ಧ ದಿನಕ್ಕೆ ಇಡಿ. ಹುಡುಗಿಯರ ಮನೆಗೆಲಸವನ್ನೂ ಇದೇ ಕಾಗದದಲ್ಲಿ ಬರೆಯಿರಿ. ‘ಅವಳು ಮನೆಯಲ್ಲೇ ಇರುತ್ತಾಳಲ್ಲ’ ಎನ್ನುವ ಮಾತಿನಲ್ಲಿ ಅವಳ ಎರಡು ಮೂರು ಗಂಟೆ ಲೆಕ್ಕಕ್ಕೇ ಸಿಗದೆ ಹೋಗುತ್ತದೆ. ಪಾತ್ರೆ ತೊಳೆಯುವುದು ಅಣ್ಣತಮ್ಮಂದಿರಿಗೂ ಬರುತ್ತದೆ.

ಪಿರಿಯಾಪಟ್ಟಣದಿಂದ ಮೈಸೂರಿಗೆ ದಿನವೂ ಹೋಗಿಬರುವವರಿಗೆ ಬಸ್ಸಿನಲ್ಲೇ ಮೂರು ಗಂಟೆ ಕಳೆಯುತ್ತದೆ. ಕುಲುಕುವ ಬಸ್ಸಿನಲ್ಲಿ ಪುಸ್ತಕ ನೋಡಿ ಕಣ್ಣು ನೋಯಿಸಿಕೊಳ್ಳುವ ಬದಲು ಹಿಂದಿನ ದಿನ ಓದಿದ ಜೀವಶಾಸ್ತ್ರವನ್ನು ಮನಸ್ಸಿನಲ್ಲೇ ನೆನಪಿಸಿಕೊಳ್ಳಲಿ. ನೀಟ್‌ನ 180 ಪ್ರಶ್ನೆಗಳಲ್ಲಿ 90 ಜೀವಶಾಸ್ತ್ರದವು. ಭೌತಶಾಸ್ತ್ರದ ಲೆಕ್ಕಕ್ಕೆ ತಾಜಾ ತಲೆ ಬೇಕು; ಅದಕ್ಕೆ ಫಜ್ರ್ ನಂತರದ ಒಂದು ಗಂಟೆ ಇಡಲಿ.

ಹೊಗೆಸೊಪ್ಪಿನ ಮನೆಯವರಿಗೆ

ಹೊಗೆಸೊಪ್ಪು ನಾಟಿ ಮೇ ತಿಂಗಳಲ್ಲಿ ಶುರುವಾಗುತ್ತದೆ. 2023, 2024, 2025ರಲ್ಲಿ ನೀಟ್ ನಡೆದದ್ದು ಮೇ ತಿಂಗಳ ಮೊದಲ ಭಾನುವಾರ. ಸೊಪ್ಪು ಮುರಿದು ಬೇಯಿಸುವ ಮಳೆಗಾಲದ ತಿಂಗಳುಗಳಲ್ಲಿ ದ್ವಿತೀಯ ಪಿಯುಸಿಯ ಮುಖ್ಯ ಪಾಠಗಳು ನಡೆಯುತ್ತವೆ. ಎರಡೂ ಒಟ್ಟಿಗೆ ಬರುವುದು ಮೊದಲೇ ಗೊತ್ತಿರುವುದರಿಂದ ಆ ವಾರಗಳಿಗೆ ಬೇರೆ ಆಳನ್ನೋ ನೆಂಟರನ್ನೋ ಮುಂಚೆಯೇ ಮಾತನಾಡಿಕೊಳ್ಳಿ. ರಾತ್ರಿ ಬ್ಯಾರನ್ನಿನ ಬೆಂಕಿ ಕಾಯುವುದು ಪರೀಕ್ಷೆ ಬರೆಯುವವರ ಪಾಲಿಗೆ ಬೇಡ.

ಇನ್ನೊಂದು ಮಾತು. ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟಿದ ದಿನ ವಾಕರಿಕೆ, ತಲೆಸುತ್ತು, ತಲೆನೋವು ಬಂದರೆ ಅದನ್ನು ಓದಿನ ಸುಸ್ತು ಎಂದುಕೊಳ್ಳಬೇಡಿ. ಎಲೆಯ ನಿಕೋಟಿನ್ ಚರ್ಮದ ಮೂಲಕ ಮೈ ಸೇರಿದಾಗ ಹೀಗಾಗುತ್ತದೆ. ಎಲೆ ಒದ್ದೆಯಾಗಿದ್ದರೆ ಇನ್ನೂ ಹೆಚ್ಚು. 18 ತುಂಬದವರನ್ನು ಈ ಕೆಲಸಕ್ಕೆ ಕೂರಿಸದಿರುವುದೇ ಒಳ್ಳೆಯದು. ದೊಡ್ಡವರೂ ಕೈಗವಸು, ತುಂಬುತೋಳಿನ ಬಟ್ಟೆ ಹಾಕಿಕೊಳ್ಳಬೇಕು. ಕೆಲಸ ಮುಗಿದ ಕೂಡಲೇ ಸೋಪು ಹಚ್ಚಿ ಕೈ ಮೈ ತೊಳೆದು ಬಟ್ಟೆ ಬದಲಿಸಬೇಕು. ವಾಂತಿ ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಿ.

ನಿದ್ದೆ ಸೋಮಾರಿತನವಲ್ಲ

14ರಿಂದ 17 ವಯಸ್ಸಿನವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಹಗಲು ಓದಿದ್ದನ್ನು ಮಿದುಳು ಜೋಡಿಸಿ ಗಟ್ಟಿ ಮಾಡಿಕೊಳ್ಳುವುದು ನಿದ್ದೆಯಲ್ಲಿ. ನೀಟ್‌ನಲ್ಲಿ ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ. ನಿದ್ದೆಗೆಟ್ಟ ತಲೆ ಗೊತ್ತಿರುವುದನ್ನೂ ತಪ್ಪಾಗಿ ಗುರುತಿಸುತ್ತದೆ.

ಇಶಾ ನಂತರ ಬೇಗ ಊಟ, ಸ್ವಲ್ಪ ಓದು, ಒಂಬತ್ತೂವರೆಯ ಹೊತ್ತಿಗೆ ಹಾಸಿಗೆ. ಫಜ್ರ್‌ಗೆ ಎದ್ದರೆ ಏಳೂವರೆ ಗಂಟೆ ನಿದ್ದೆ ಸಿಗುತ್ತದೆ. ಮಧ್ಯಾಹ್ನ 20 ನಿಮಿಷದಿಂದ ಅರ್ಧ ಗಂಟೆ ಕೈಲೂಲ ಮಾಡಿದರೆ ಎಂಟಾಯಿತು. ಕಾಲೇಜಿರುವ ದಿನ ಅದು ಆಗದಿದ್ದರೆ ಅರ್ಧ ಗಂಟೆ ಮೊದಲೇ ಮಲಗಲಿ. ಸಂಜೆಯ ನಂತರ ಚಹಾ ಬೇಡ. ಮೊಬೈಲ್ ಹಾಸಿಗೆಯಿಂದ ದೂರವಿರಲಿ.

ರಮಝಾನ್‌ನಲ್ಲಿ ಲೆಕ್ಕ ಬದಲಾಗುತ್ತದೆ. 2025ರಲ್ಲಿ ದ್ವಿತೀಯ ಪಿಯುಸಿ ಪರೀಕ್ಷೆ ಮಾರ್ಚ್ 1ಕ್ಕೆ ಶುರುವಾಯಿತು, ಮರುದಿನ ಮೊದಲ ರೋಝ. ರಮಝಾನ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುವುದರಿಂದ ಇನ್ನೂ ಕೆಲವು ವರ್ಷ ಅದು ಪುನರಾವರ್ತನೆಯ ದಿನಗಳಲ್ಲೇ ಬರುತ್ತದೆ. ತರಾವೀಹ್ ಮುಗಿದೊಡನೆ ಮಲಗಲಿ, ಸಹರಿ ಮತ್ತು ಫಜ್ರ್ ನಂತರ ಓದಲಿ, ಮಧ್ಯಾಹ್ನ ಒಂದು ಗಂಟೆ ಮಲಗಲಿ. ಇಫ್ತಾರಿನ ಎಣ್ಣೆ ತಿಂಡಿ ಕಡಿಮೆ ಮಾಡಿದರೆ ರಾತ್ರಿಯ ತೂಕಡಿಕೆಯೂ ಕಡಿಮೆ.

ಆಟ ನಿಲ್ಲಿಸಬೇಡಿ

ಅಸರ್ ಮತ್ತು ಮಗ್ರಿಬ್ ನಡುವೆ ಅರ್ಧ ಗಂಟೆ ವಾಲಿಬಾಲ್ ಆಡಿ ಬೆವರಿದ ಹುಡುಗ ರಾತ್ರಿ ಚೆನ್ನಾಗಿ ನಿದ್ದೆ ಮಾಡುತ್ತಾನೆ, ಮಲಬದ್ಧತೆಯೂ ಇರುವುದಿಲ್ಲ. ಹುಡುಗಿಯರಿಗೂ ಇದು ಬೇಕು. ಮೈದಾನ ಸಿಗದಿದ್ದರೆ ತಾಯಿಮಗಳು ಜೊತೆಯಲ್ಲಿ ಬಿರುಸಾಗಿ ನಡೆಯಲಿ. ಆದರೆ ಆಟ, ಎನ್‌ಸಿಸಿ, ಚಿಕ್ಕ ಮಕ್ಕಳಿಗೆ ಪಾಠ ಎಲ್ಲವನ್ನೂ ಒಟ್ಟಿಗೆ ಹಿಡಿಯುವುದು ಬೇಡ. ಈ ಎರಡು ವರ್ಷ ಯಾವುದಾದರೂ ಒಂದು ಸಾಕು.

ತಟ್ಟೆಯಲ್ಲಿ ಏನಿರಬೇಕು?

ಬೆಳಿಗ್ಗೆ ಬರಿ ಚಹಾ ಬಿಸ್ಕತ್ತಿನಲ್ಲಿ ಕಾಲೇಜಿಗೆ ಕಳಿಸಬೇಡಿ. ರಾಗಿ ಅಂಬಲಿ, ಮೊಟ್ಟೆ, ನೆನೆಸಿದ ಕಡಲೆಕಾಯಿ, ಎರಡು ಖರ್ಜೂರ ಹೆಚ್ಚು ಖರ್ಚಿನವಲ್ಲ. ಹುಡುಗಿ ಸದಾ ಸುಸ್ತು ಎಂದರೆ ಸರ್ಕಾರಿ ಆಸ್ಪತ್ರೆಯಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಸೊಪ್ಪಿನ ಸಾರು, ಕಾಳು, ಆಗಾಗ ಕಲೇಜಿ, ಜೊತೆಗೆ ನಿಂಬೆರಸ ಕೊಡಿ. ಊಟದ ಹಿಂದೆಯೇ ಚಹಾ ಕುಡಿದರೆ ಆಹಾರದ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ.

ಖಮೀರ, ಮಾಜೂನ್ ಬಗ್ಗೆ ಯುನಾನಿ ವೈದ್ಯನಾಗಿಯೇ ಹೇಳುತ್ತೇನೆ: ಅವು ಔಷಧಿಗಳು, ಅಂಕ ತರುವ ಮಿಠಾಯಿಗಳಲ್ಲ. ಅವುಗಳಲ್ಲಿ ಸಕ್ಕರೆ ಅಥವಾ ಜೇನಿನ ಪ್ರಮಾಣವೂ ಹೆಚ್ಚು. ವೈದ್ಯರು ನಾಡಿ ನೋಡಿ ಹೇಳದೆ ಕೊಡಬೇಡಿ.

ಮನಸ್ಸಿನ ಭಾರ

‘ನಿನಗಾಗಿ ಅಂಗಡಿ ಅಡವಿಟ್ಟಿದ್ದೇವೆ’ ಎಂದು ದಿನವೂ ನೆನಪಿಸಬೇಡಿ. ಮಗು ಊಟ ಬಿಟ್ಟರೆ, ಮಾತು ಬಿಟ್ಟರೆ, ಬದುಕು ಬೇಡ ಎಂದರೆ ಗದರಬೇಡಿ. ಪಕ್ಕದಲ್ಲಿ ಕೂತು ಕೇಳಿ, ಒಬ್ಬರನ್ನೇ ಬಿಡಬೇಡಿ, ಕೂಡಲೇ ವೈದ್ಯರಿಗೆ ತೋರಿಸಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಎಂಬಿಬಿಎಸ್ ಒಂದೇ ದಾರಿಯಲ್ಲ ಎಂಬುದನ್ನು ಫಲಿತಾಂಶಕ್ಕೆ ಮೊದಲೇ ಹೇಳಿ. ಆಯುರ್ವೇದ, ಹೋಮಿಯೋಪಥಿ, ಯುನಾನಿ ಪದವಿಗಳಿಗೂ ಇದೇ ನೀಟ್ ಅಂಕ. ಯುನಾನಿಗೆ ಉರ್ದು ಬಂದರೆ ಅನುಕೂಲ. ನರ್ಸಿಂಗ್, ಫಾರ್ಮಸಿಯೂ ಗೌರವದ ಕೆಲಸಗಳೇ.

ಪರೀಕ್ಷೆಯ ಮಧ್ಯಾಹ್ನ

2025ರಲ್ಲಿ ಪರೀಕ್ಷೆ ನಡೆದದ್ದು ಮಧ್ಯಾಹ್ನ 2ರಿಂದ 5ರವರೆಗೆ, ಹಲವು ಮನೆಗಳಲ್ಲಿ ತೂಕಡಿಸುವ ಹೊತ್ತಿನಲ್ಲಿ. ಆದ್ದರಿಂದ ಕೊನೆಯ ಎರಡು ತಿಂಗಳ ಭಾನುವಾರಗಳಲ್ಲಿ ಅದೇ ಹೊತ್ತಿಗೆ ಮಾದರಿ ಪರೀಕ್ಷೆ ಬರೆಯಿಸಿ. ಅಂದು ಬಿರಿಯಾನಿ ಬೇಡ. ಮೊಸರನ್ನ, ಸೌತೆಕಾಯಿಯಂಥ ಹಗುರ ಊಟ ಸಾಕು. ಒಂದೂವರೆಗೆ ಗೇಟು ಮುಚ್ಚುತ್ತದೆ. ಝುಹರ್ ಎಲ್ಲಿ ನಿರ್ವಹಿಸುವುದೆಂದು ಮೊದಲೇ ಯೋಚಿಸಿ. ಐದಕ್ಕೆ ಹೊರಬಂದರೆ ಅಸರ್‌ಗೆ ಸಮಯವಿರುತ್ತದೆ. ಹಿಜಾಬ್ ಧರಿಸುವವರು ತಪಾಸಣೆಗಾಗಿ ಇತರರಿಗಿಂತ ಬೇಗ ತಲುಪಬೇಕು. ಬೂಟು ಬೇಡ, ಚಪ್ಪಲಿ ಸಾಕು.

ಇವತ್ತೇ ಇಶಾ ನಂತರ ತಂದೆ, ತಾಯಿ, ಮಕ್ಕಳು ಒಟ್ಟಿಗೆ ಕೂತು ಆ ಕಾಗದ ಬರೆಯಿರಿ. ಮೊದಲ ಸಾಲಿನಲ್ಲಿ ನಿದ್ದೆಯ 8 ಗಂಟೆ ಇರಲಿ. ಉಳಿದದ್ದನ್ನು ಅದರ ಕೆಳಗೆ ಹೊಂದಿಸಿ.