ಅಕ್ಕಸಾಲಿಗರ ವಿದ್ಯೆಗೆ ಶಾಲೆ ಬೇಕಾಗಿದೆ
ಮಧುಗಿರಿ ಭಾಗದ ಚಿನ್ನ-ಬೆಳ್ಳಿ ವರ್ತಕರು ಆಲೋಚಿಸಬೇಕಾದ ವಿಷಯ

ಎಸ್.ಎಸ್.ಎಲ್.ಸಿ. ಫಲಿತಾಂಶದ ಪಟ್ಟಿಯಲ್ಲಿ ತುಮಕೂರು ಜಿಲ್ಲೆಗೆ ಎರಡು ಸ್ಥಾನಗಳಿವೆ. ಮಧುಗಿರಿ, ಶಿರಾ, ಕೊರಟಗೆರೆ ಹಾಗೂ ಪಾವಗಡ ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿರುವುದರಿಂದ ಇಲ್ಲಿನ ಮಕ್ಕಳ ಲೆಕ್ಕ ಪ್ರತ್ಯೇಕವಾಗಿಯೇ ದೊರೆಯುತ್ತದೆ. ಆದರೆ ಈ ನಾಲ್ಕು ತಾಲ್ಲೂಕುಗಳ ಪೇಟೆಬೀದಿಗಳಲ್ಲಿ ತಲೆಮಾರುಗಳಿಂದ ಕಲಿಸಲ್ಪಡುತ್ತ ಬಂದಿರುವ ಒಂದು ವಿದ್ಯೆ ಯಾವ ಪಟ್ಟಿಗೂ ಸೇರಿಲ್ಲ. ಅದೇ ಚಿನ್ನ-ಬೆಳ್ಳಿಯ ಕೆಲಸ. ‘ಅಕ್ಕಸಾಲೆ’ ಎಂಬ ಹಳೆಯ ಮಾತು ಕೆಲಸಗಾರನಿಗೂ ಅವನ ಕೆಲಸದ ಮನೆಗೂ ಸಲ್ಲುತ್ತದೆ. ಕಲಿಯುವ ಸ್ಥಳವೂ ಗಳಿಸುವ ಸ್ಥಳವೂ ಅದೊಂದೇ ಆಗಿತ್ತು.

ಆ ಕಲಿಕೆಯ ಕ್ರಮ ಎಲ್ಲರೂ ಬಲ್ಲದ್ದೇ. ಹುಡುಗನೊಬ್ಬ ಮೊದಲು ಇದ್ದಿಲು ಹಾಕಿ ಅಗ್ಗಿಷ್ಟಿಕೆ ಹೊತ್ತಿಸುವನು, ನೆಲ ಗುಡಿಸಿ ಪುಡಿಯನ್ನು ಜೋಪಾನ ಮಾಡುವನು. ಬಳಿಕ ಅರ ಹಿಡಿಯುವನು, ತಂತಿ ಎಳೆಯುವನು. ಊದುಕೊಳವೆ ಕೈಗೆ ಬರುವ ವೇಳೆಗೆ ಕೆಲವು ವರ್ಷಗಳೇ ಕಳೆದಿರುತ್ತಿದ್ದವು. ಈ ನಿಧಾನಕ್ಕೆ ಗುರುವಿನ ಬಿಗುಮಾನವೊಂದೇ ಕಾರಣವಲ್ಲ. ಕೈತಪ್ಪಿದರೆ ನಷ್ಟವಾಗುವುದು ಗಿರಾಕಿಯ ಚಿನ್ನ. 2025ರಲ್ಲಿ ಹತ್ತು ಗ್ರಾಂ ಅಪರಂಜಿಯ ಬೆಲೆ ಒಂದು ಲಕ್ಷ ರೂಪಾಯಿಯನ್ನು ದಾಟಿತು. ಆ ದರದಲ್ಲಿ ನೂರು ಮಿಲಿಗ್ರಾಂ, ಎಂದರೆ ಒಂದು ಗುಲಗಂಜಿಗಿಂತ ಕಡಿಮೆ ತೂಕದ ಪುಡಿ ಗಾಳಿಗೆ ಹೋದರೂ ಸಾವಿರ ರೂಪಾಯಿ ಹೋದಂತೆ. ಇಂತಹ ಲೋಹವನ್ನು ಕಲಿಯುವ ಹುಡುಗನ ಕೈಗೆ ಯಾವ ಅಕ್ಕಸಾಲಿಗ ತಾನೇ ಕೊಟ್ಟಾನು? ಹದಿನಾಲ್ಕು ವರ್ಷ ತುಂಬದ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳುವುದನ್ನು ಕಾನೂನು ನಿಷೇಧಿಸಿರುವುದೂ ಸರಿಯೇ. ಹೀಗಾಗಿ ಹಿಂದಿನ ದೀರ್ಘ ಶಿಷ್ಯವೃತ್ತಿಗೆ ಕಾಲವೂ ಇಲ್ಲ, ಲೋಹವೂ ಇಲ್ಲ.

ಈ ಕಸುಬಿನ ಕಲಿಕೆಯ ಸರಪಣಿ ಹಿಂದೆಯೂ ಒಮ್ಮೆ ತುಂಡಾಗಿತ್ತು. 1963ರ ಜನವರಿಯಲ್ಲಿ, ಮೊರಾರ್ಜಿ ದೇಸಾಯಿಯವರು ಕೇಂದ್ರ ಹಣಕಾಸು ಸಚಿವರಾಗಿದ್ದಾಗ, ಚಿನ್ನ ನಿಯಂತ್ರಣ ನಿಯಮಗಳು ಜಾರಿಗೆ ಬಂದು 14 ಕ್ಯಾರೆಟ್ಟಿಗಿಂತ ಹೆಚ್ಚಿನ ಶುದ್ಧತೆಯ ಹೊಸ ಆಭರಣ ತಯಾರಿಕೆಗೆ ತಡೆ ಬಿದ್ದಿತು. ದೇಶದಾದ್ಯಂತ ಅಕ್ಕಸಾಲಿಗರು ಕೆಲಸ ಕಳೆದುಕೊಂಡರು, ಆತ್ಮಹತ್ಯೆಗಳೂ ನಡೆದವು. 1966ರಲ್ಲಿ ಕ್ಯಾರೆಟ್ಟಿನ ಕಟ್ಟು ಸಡಿಲವಾಯಿತಾದರೂ 1968ರಲ್ಲಿ ನಿಯಂತ್ರಣವು ಕಾಯಿದೆಯ ರೂಪವನ್ನೇ ತಾಳಿತು. ಅದು ರದ್ದಾದದ್ದು 1990ರಲ್ಲಿ. ಇಪ್ಪತ್ತೇಳು ವರ್ಷಗಳೆಂದರೆ ಒಂದು ತಲೆಮಾರು. ಆ ಅವಧಿಯಲ್ಲಿ ಮಗನನ್ನು ಅಡಿಗಲ್ಲಿನ ಮುಂದೆ ಕೂರಿಸಲು ಹಿಂಜರಿದ ತಂದೆಯನ್ನು ಯಾರೂ ದೂಷಿಸುವಂತಿಲ್ಲ.

ಕಲಾಶಾಲೆಯ ರೀತಿ ಬೇರೆ

ಕಲಾಶಾಲೆಗಳಲ್ಲಿ ಲೋಹದ ಕೆಲಸವನ್ನು ಕಲಿಸುವವರು ಚಿನ್ನದಿಂದ ಆರಂಭಿಸುವುದಿಲ್ಲ. ಮೊದಲು ಕಾಗದ ಮತ್ತು ಪೆನ್ಸಿಲು, ಅನಂತರ ತಾಮ್ರದ ತಗಡು, ಹಿತ್ತಾಳೆ, ಕೊನೆಗೆ ಬೆಳ್ಳಿ. ತಾಮ್ರವು ಅಗ್ಗವೆಂಬುದು ಮಾತ್ರ ಇದಕ್ಕೆ ಕಾರಣವಲ್ಲ. ಕಾಸಿದೊಡನೆ ಅದು ಕಪ್ಪಾಗುತ್ತದೆ. ಬಿಳಿಗಾರವನ್ನು ಸರಿಯಾಗಿ ಹಚ್ಚದಿದ್ದರೆ ಬೆಸುಗೆ ಹರಿಯುವುದೇ ಇಲ್ಲ. ಕಲಿಯುವವನ ತಪ್ಪು ಅವನ ಕಣ್ಣೆದುರಿಗೇ ಕಾಣುತ್ತದೆ, ತಗಡನ್ನು ಬಿಸುಟು ಮತ್ತೊಂದನ್ನು ಎತ್ತಿಕೊಳ್ಳಬಹುದು. ನೂರು ಸಲ ತಪ್ಪುವ ಸ್ವಾತಂತ್ರ್ಯವೇ ಶಾಲೆಯ ನಿಜವಾದ ಬಂಡವಾಳ. ಪೇಟೆಯ ಅಂಗಡಿ ಇದನ್ನು ಕೊಡಲಾರದು.

ನಮ್ಮ ರಾಜ್ಯಕ್ಕೆ ಇಂತಹ ಶಾಲೆಯ ಕಲ್ಪನೆ ಹೊಸದೇನಲ್ಲ. ಮೈಸೂರಿನಲ್ಲಿ 1906ರಲ್ಲಿ ಆರಂಭಗೊಂಡ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯು ಚಿತ್ರಕಲೆಯನ್ನೂ ಕೈಕಸುಬನ್ನೂ ಒಂದೇ ಸೂರಿನಡಿ ಇರಿಸಿತ್ತು. ಕಾರ್ಕಳದ ಬಳಿಯ ಮಿಯಾರಿನಲ್ಲಿ ಕೆನರಾ ಬ್ಯಾಂಕಿನ ಆಶ್ರಯದ ಸಂಸ್ಥೆಯು ಕಲ್ಲು, ಮರ ಮತ್ತು ಲೋಹದ ಶಿಲ್ಪವನ್ನು ಗ್ರಾಮೀಣ ಯುವಕರಿಗೆ ಕಲಿಸುತ್ತ ಬಂದಿದೆ. ಬೆಂಗಳೂರಿನ ವಿನ್ಯಾಸ ಸಂಸ್ಥೆಗಳಲ್ಲಿ ಆಭರಣ ವಿನ್ಯಾಸದ ಪಾಠವೂ ಇದೆ. ಆದರೆ ಪಾವಗಡದಿಂದ ಬೆಂಗಳೂರಿಗೆ ಹೋಗಿ ವರ್ಷಗಟ್ಟಲೆ ಶುಲ್ಕ ತೆತ್ತು ಕಲಿತವನು ತಾಳಿಗೆ ಗುಂಡು ಕೂರಿಸಲು ಪಾವಗಡಕ್ಕೆ ಹಿಂದಿರುಗುವನೆಂದು ನಂಬುವುದು ಕಷ್ಟ.

ಈ ಕೈಕೆಲಸವು ಸ್ಥಳೀಯವಾಗಿ ಏಕೆ ಬೇಕು ಎಂಬ ಪ್ರಶ್ನೆ ಏಳಬಹುದು. ಸರ, ಬಳೆ, ಓಲೆಗಳು ಬೆಂಗಳೂರಿನ ನಗರ್ತಪೇಟೆಯಿಂದಲೂ ಕೊಯಮತ್ತೂರು, ತ್ರಿಶೂರುಗಳಿಂದಲೂ ಸಿದ್ಧವಾಗಿ ಬರುತ್ತಿರುವಾಗ ಶಿರಾದ ಅಂಗಡಿಗೆ ಕೆಲಸಗಾರನ ಹಂಗೇಕೆ? ಉತ್ತರ ದೊರೆಯುವುದು ಮಾರಾಟದ ಕಟ್ಟೆಯಲ್ಲಲ್ಲ, ದುರಸ್ತಿಯ ಕಟ್ಟೆಯಲ್ಲಿ. ಕಡಿದ ಸರ, ಸಡಿಲವಾದ ಕೊಂಡಿ, ಉದುರಿದ ಹರಳು, ಬೆರಳಿಗೆ ಬಿಗಿಯಾದ ಉಂಗುರ, ಮಗುವಿನ ಸೊಂಟಕ್ಕೆ ಸಾಲದ ಬೆಳ್ಳಿಯ ಉಡಿದಾರ ಇವೆಲ್ಲ ಬರುವುದು ಊರಿನ ಅಂಗಡಿಗೇ. ತಾಳಿಯ ಆಕಾರವಂತೂ ಸಮುದಾಯದಿಂದ ಸಮುದಾಯಕ್ಕೆ ಬೇರೆ. ಕಾರ್ಖಾನೆಯ ಅಚ್ಚಿಗೆ ಆ ವ್ಯತ್ಯಾಸ ಸಿಕ್ಕುವುದಿಲ್ಲ. ವರಮಹಾಲಕ್ಷ್ಮಿ ವ್ರತದ ಮುನ್ನ ಬೆಳ್ಳಿಯ ಮುಖವಾಡ ಮತ್ತು ಕಲಶಗಳಿಗೆ ಬರುವ ಬೇಡಿಕೆಯನ್ನು, ಅದರಲ್ಲಿಯೂ ಗೊರವನಹಳ್ಳಿಯ ಮಹಾಲಕ್ಷ್ಮಿಯಿರುವ ಕೊರಟಗೆರೆಯ ವರ್ತಕರಿಗೆ, ವಿವರಿಸಬೇಕಾಗಿಲ್ಲ. ಪಾವಗಡದ ಗಿರಾಕಿಗೆ ಆಂಧ್ರದ ಪೇಟೆಗಳು ಬಹಳ ದೂರವಲ್ಲ. ದುರಸ್ತಿಗೆಂದು ಹಿಂದೂಪುರದ ಅಂಗಡಿಯ ಮೆಟ್ಟಿಲು ಹತ್ತಿದವರು ಮುಂದಿನ ಮದುವೆಯ ಒಡವೆಯನ್ನೂ ಅಲ್ಲಿಯೇ ಕೊಳ್ಳುತ್ತಾರೆ.

ಹಾಲ್‌ಮಾರ್ಕ್ ಬಂದ ಮೇಲೆ

ಹಾಲ್‌ಮಾರ್ಕ್ ಮುದ್ರೆಯು 2021ರ ಜೂನ್‌ನಿಂದ ಹಂತಹಂತವಾಗಿ ಕಡ್ಡಾಯವಾಗಿದೆ. 2023ರ ಏಪ್ರಿಲ್ 1ರಿಂದ ಆರು ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆಯಿರುವ ಮುದ್ರೆಯೇ ಮಾನ್ಯ. ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿಯೊಳಗಿನ ವರ್ತಕರಿಗೆ ವಿನಾಯಿತಿ ಇತ್ತೆಂದು ಅನೇಕರು ನಿಶ್ಚಿಂತರಾಗಿದ್ದರು. ಆದರೆ ಹತ್ತು ಗ್ರಾಮಿಗೆ ಲಕ್ಷ ರೂಪಾಯಿಯ ದರದಲ್ಲಿ 40 ಲಕ್ಷವೆಂದರೆ ವರ್ಷಕ್ಕೆ ಕೇವಲ 400 ಗ್ರಾಂ. ದರ ಏರಿದಂತೆಲ್ಲ ಸಣ್ಣ ಅಂಗಡಿಯೂ ತಾನಾಗಿಯೇ ಆ ಗೆರೆಯನ್ನು ದಾಟುತ್ತದೆ.

ಇದಕ್ಕೂ ಕಲಿಕೆಗೂ ನೇರ ಸಂಬಂಧವಿದೆ. 22 ಕ್ಯಾರೆಟ್ ಎಂದರೆ ಸಾವಿರಕ್ಕೆ 916 ಭಾಗ. ಹತ್ತು ಗ್ರಾಂ ಅಪರಂಜಿಗೆ ಸುಮಾರು 0.917 ಗ್ರಾಂ ತಾಮ್ರ-ಬೆಳ್ಳಿ ಸೇರಬೇಕು. ಒಡವೆಯ ಮೈ ಇಷ್ಟಿದ್ದು ಬೆಸುಗೆ ಕೀಳಾಗಿದ್ದರೆ ಪರೀಕ್ಷೆಯಲ್ಲಿ ಒಡವೆಯೇ ಬಿದ್ದುಹೋಗುತ್ತದೆ. ಹಿಂದೆ ಕ್ಯಾಡ್ಮಿಯಂ ಬೆರೆಸಿದ ಬೆಸುಗೆಯಿಂದ ಈ ತೊಡಕನ್ನು ದಾಟುತ್ತಿದ್ದರು, ಕೆ.ಡಿ.ಎಂ. ಎಂಬ ಹೆಸರು ಬಂದದ್ದೇ ಅದರಿಂದ. ಕ್ಯಾಡ್ಮಿಯಂ 767 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕುದಿಯುತ್ತದೆ, ಚಿನ್ನ ಕರಗುವುದು 1064ರಲ್ಲಿ. ಹೀಗಾಗಿ ಅದು ಹೊಗೆಯಾಗಿ ಕೆಲಸಗಾರನ ಶ್ವಾಸಕೋಶವನ್ನು ಸೇರುತ್ತಿತ್ತು. ಒರೆಗಲ್ಲಿನ ಮೇಲಿನ ಗೆರೆಯನ್ನು ಓದಬಲ್ಲ ಹಿರಿಯರಿಗೂ ಈ ಲೆಕ್ಕ ಮತ್ತು ಈ ಅಪಾಯವನ್ನು ಅಂಗಡಿಯಲ್ಲಿ ಯಾರೂ ಹೇಳಿಕೊಡಲಿಲ್ಲ.

ತೇಮಾನಿನ ವಿಷಯವೂ ಹಾಗೆಯೇ. ಅಕ್ಕಸಾಲಿಗನು ಅಕ್ಕನ ಚಿನ್ನವನ್ನೂ ಬಿಡನೆಂಬ ಗಾದೆಯನ್ನು ಹೇಳಿ ನಗುವವರಿಗೆ ಕಡಿಮೆಯಿಲ್ಲ. ಅರದಿಂದ ಉದುರಿದ ಪುಡಿ, ಕರಗಿಸುವಾಗ ಮೂಸೆಗೆ ಅಂಟಿದ್ದು, ಮೆರುಗು ಕೊಡುವಾಗ ಸವೆದದ್ದು, ಇವುಗಳಿಗೆ ಲೆಕ್ಕವಿಡುವ ಪದ್ಧತಿ ಇಲ್ಲದ ಕಡೆ ಸಂಶಯಕ್ಕೆ ದಾರಿಯಾಗುತ್ತದೆ. ಒಳಬಂದ ತೂಕ, ಹೊರಹೋದ ತೂಕ, ಹಿಂದಿರುಗಿಸಿದ ಪುಡಿ ಎಂಬ ಮೂರು ಸಾಲಿನ ಚೀಟಿಯನ್ನು ಬರೆಯುವುದು ಬೆಸುಗೆ ಹಾಕಿದಷ್ಟೇ ಮುಖ್ಯವಾದ ಪಾಠ. ಕಸುಬುದಾರರ ಮಾನವನ್ನು ಇದು ಯಾವ ಭಾಷಣಕ್ಕಿಂತಲೂ ಚೆನ್ನಾಗಿ ಕಾಯುತ್ತದೆ.

ಸರ್ಕಾರದ ನೆರವು ಇಲ್ಲವೆನ್ನುವಂತಿಲ್ಲ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಅಕ್ಕಸಾಲಿಗರ ಕಸುಬೂ ಒಂದು. ತರಬೇತಿಯ ದಿನಗಳಲ್ಲಿ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿಯವರೆಗೆ ನೆರವು, ಶೇಕಡಾ 5ರ ಬಡ್ಡಿಯಲ್ಲಿ ಮೊದಲು ಒಂದು ಲಕ್ಷ, ಬಳಿಕ ಎರಡು ಲಕ್ಷ ರೂಪಾಯಿ ಸಾಲ ಅದರಲ್ಲಿವೆ. ಆದರೆ ಮೂಲ ತರಬೇತಿ ಐದರಿಂದ ಏಳು ದಿನಗಳದ್ದು. ಬಲ್ಲವನಿಗೆ ಹೊಸ ಉಪಕರಣ ಪರಿಚಯಿಸಲು ಅದು ಸಾಕು. ಅರಿಯದವನಿಗೆ ಗರಗಸದ ಎಳೆ ಮುರಿಯದಂತೆ ತಗಡು ಕತ್ತರಿಸುವುದನ್ನು ಕಲಿಯಲೂ ಸಾಲದು. ಶಿಶಿಕ್ಷು ಕಾಯಿದೆಯ ದಾರಿಯೂ ಇದೆ, ಆದರೆ ಅದರ ನಿಯಮಗಳು ಕನಿಷ್ಠ ನಾಲ್ವರು ಕೆಲಸಗಾರರಿರುವ ಸಂಸ್ಥೆಯನ್ನು ನೋಡುತ್ತವೆ. ನಮ್ಮ ಪೇಟೆಗಳ ಅಕ್ಕಸಾಲಿಗನೋ, ಬಹುಪಾಲು ಒಬ್ಬಂಟಿ.

ಆದುದರಿಂದ ಈ ಹೊರೆಯನ್ನು ನಾಲ್ಕು ತಾಲ್ಲೂಕುಗಳ ವರ್ತಕರು ಒಟ್ಟಾಗಿ ಹೊರಬೇಕಾಗುತ್ತದೆ. ಮಧುಗಿರಿಯಲ್ಲಿ ಬಾಡಿಗೆಯ ಒಂದು ಹಜಾರ, ಹತ್ತು ಕೆಲಸದ ಮೇಜುಗಳು, ಗ್ಯಾಸಿನ ಒಲೆ, ತಂತಿ ಮತ್ತು ತಗಡು ಎಳೆಯುವ ಒಂದು ಯಂತ್ರ, ಮಿಲಿಗ್ರಾಂ ತೋರಿಸುವ ತಕ್ಕಡಿ: ಆರಂಭಕ್ಕೆ ಇದಕ್ಕಿಂತ ಹೆಚ್ಚಿನದು ಬೇಕಿಲ್ಲ. ರೇಖಾಚಿತ್ರವನ್ನು ಕಲಿಸಲು ಪ್ರೌಢಶಾಲೆಗಳ ಚಿತ್ರಕಲಾ ಶಿಕ್ಷಕರನ್ನು ವಿನಂತಿಸಿಕೊಳ್ಳಬಹುದು. ಅರಗಿನ ಮೇಲೆ ತಗಡಿಟ್ಟು ಉಬ್ಬುಕೆಲಸ ಮಾಡುವುದನ್ನು ಕಲಿಸಲು ಹಿರಿಯ ಕಸುಬುದಾರರೇ ಬೇಕು, ಮತ್ತು ಅವರಿಗೆ ಗೌರವಧನ ಮಾತ್ರವಲ್ಲ, ಗುರುವಿನ ಸ್ಥಾನವೂ ಸಲ್ಲಬೇಕು. ವಿಶ್ವಕರ್ಮ ಮನೆತನದ ಮಕ್ಕಳಿಗೆ ಮಾತ್ರವೆಂದು ಬಾಗಿಲು ಮುಚ್ಚುವುದು ಉಚಿತವಲ್ಲ. ಹೆಣ್ಣುಮಕ್ಕಳಂತೂ ಹರಳು ಕೂರಿಸುವ, ಮಣಿ ಪೋಣಿಸುವ ಕೆಲಸಗಳಿಗೆ ಈಗಾಗಲೇ ಪೇಟೆಗಳಲ್ಲಿ ಬೇಕಾಗಿದ್ದಾರೆ.

ಕಲಿತವರಿಗೆ ಕೆಲಸ ಕೊಡುವ ಮಾತನ್ನು ವರ್ತಕರು ಮೊದಲೇ ಕೊಡದಿದ್ದರೆ ಹಜಾರವು ಎರಡನೆಯ ವರ್ಷ ಬರಿದಾಗುವುದು ಖಂಡಿತ. ಇದಕ್ಕೆ ಕಾನೂನಿನಲ್ಲಿಯೇ ಒಂದು ಸಣ್ಣ ಸೌಲಭ್ಯವಿದೆ. ಎರಡು ಗ್ರಾಮಿಗಿಂತ ಕಡಿಮೆ ತೂಕದ ಒಡವೆಗಳಿಗೆ ಹಾಲ್‌ಮಾರ್ಕ್ ಕಡ್ಡಾಯವಲ್ಲ. ಮೂಗುತಿ, ತಾಳಿಯ ಗುಂಡು, ಮಗುವಿನ ಕಿವಿಯ ಮುರು ಇವೆಲ್ಲ ಆ ಮಿತಿಯೊಳಗೇ ಬರುತ್ತವೆ. ತಾಮ್ರದಲ್ಲಿಯೂ ಬೆಳ್ಳಿಯಲ್ಲಿಯೂ ಕೈ ಪಳಗಿದ ಮೇಲೆ ಚಿನ್ನದ ಮೊದಲ ಕೆಲಸವಾಗಿ ಇವನ್ನೇ ಅಂಗಡಿಗಳು ತೂಕದ ಚೀಟಿಯೊಂದಿಗೆ ಹಜಾರಕ್ಕೆ ಕಳುಹಿಸಬಹುದು.