ಇಂಧನ ಉಳಿಸಿದವರೇ ಮುಂದೆ

ಕಂಪ್ಯೂಟರಿನ ಫ್ಲೈಟ್ ಸಿಮ್ಯುಲೇಟರಿನಲ್ಲಿ ಎರಡನೇ ಮಹಾಯುದ್ಧದ ಮಸ್ಟಾಂಗ್ ವಿಮಾನದ ದೂರದ ಪಂದ್ಯ ಆಡುವ ನಾವು ಸೋಲುವುದು ಆತುರದಿಂದ. ಪೂರ್ತಿ ವೇಗದಲ್ಲಿ ಹೊರಟರೆ ಅರ್ಧ ದಾರಿಗೇ ಇಂಧನ ಖಾಲಿ. ಇಳಿದು ತುಂಬಿಸಿಕೊಳ್ಳುವಷ್ಟರಲ್ಲಿ ಉಳಿದವರು ದಾಟಿ ಹೋಗಿರುತ್ತಾರೆ.

1946ರಲ್ಲಿ ಅಮೆರಿಕದ ಬೆಂಡಿಕ್ಸ್ ಪಂದ್ಯಕ್ಕೆ ಪಾಲ್ ಮ್ಯಾಂಟ್ಸ್ ತಮ್ಮ ಮಸ್ಟಾಂಗ್‌ನ ರೆಕ್ಕೆಯ ಒಳಭಾಗವನ್ನೇ ಸೋರದಂತೆ ಮುಚ್ಚಿ ಇಂಧನ ತುಂಬಿದರು. ಹೊರಗೆ ಟ್ಯಾಂಕು ತೂಗಿಸಿದರೆ ಆಗುವ ಗಾಳಿಯ ತಡೆ ಅವರಿಗಿರಲಿಲ್ಲ. ಕ್ಯಾಲಿಫೋರ್ನಿಯಾದಿಂದ ಕ್ಲೀವ್‌ಲ್ಯಾಂಡ್‌ಗೆ ಐದು ಗಂಟೆಯೊಳಗೆ ತಲುಪಿದರು. 1947, 1948ರಲ್ಲೂ ಅವರೇ ಗೆದ್ದರು.

ನಮ್ಮ ಪರದೆಯ ವಿಮಾನಕ್ಕೆ ಅಂಥ ರೆಕ್ಕೆಯಿಲ್ಲ. ಹಾಗಾಗಿ ಮೇಲೇರುತ್ತೇವೆ. ಅಲ್ಲಿ ಗಾಳಿ ತೆಳು, ತಡೆ ಕಡಿಮೆ. ಇಂಜಿನ್ನಿಗೆ ಬೇಕಾದ ಗಾಳಿಯನ್ನು ಸೂಪರ್‌ಚಾರ್ಜರ್ ಒತ್ತಿ ಕೊಡುತ್ತದೆ. ಮಾಪಕ ತೋರಿಸುವುದಕ್ಕಿಂತ ನಿಜವಾದ ವೇಗ ಎಷ್ಟೋ ಹೆಚ್ಚಿರುತ್ತದೆ. ಮುಳ್ಳು ಇಳಿಯಿತೆಂದು ಗಾಬರಿಯಾಗಿ ಕೆಳಗೆ ಬಂದು ಸೋತವರೂ ನಮ್ಮಲ್ಲಿದ್ದಾರೆ.