ಹಿಂಗಾರಿನ ಮಳೆ, ಶಿಂಷೆಯ ನೀರು

ಅಕ್ಟೋಬರ್ ತಿಂಗಳ ಒಂದು ಸಂಜೆ ತುಮಕೂರಿನ ಉಪ್ಪಾರಹಳ್ಳಿಯಲ್ಲಿ ನಿಂತು ಗಾಳಿಯ ದಿಕ್ಕನ್ನು ಗಮನಿಸಿ. ಜುಲೈನಲ್ಲಿ ಪಡುವಣದಿಂದ ಬೀಸುತ್ತಿದ್ದ ಗಾಳಿ ಈಗ ತಣ್ಣಗಾಗಿದೆ. ಮೂಡಣದ ಗಾಳಿ ಮೆಲ್ಲನೆ ಏಳುತ್ತಿದೆ. ಹಗಲೆಲ್ಲ ಬಿಸಿಲು, ಸಂಜೆಗೆ ಗುಡುಗು ಸಿಡಿಲಿನ ಮಳೆ. ಹಸ್ತ, ಚಿತ್ತಾ, ಸ್ವಾತಿ, ವಿಶಾಖ ಎಂದು ನಮ್ಮ ರೈತರು ಹೆಸರಿಟ್ಟು ಎಣಿಸುವ ಮಳೆಗಳು ಈ ದಿನಗಳವೇ.

ಮುಂಗಾರಿನ ಮೋಡಗಳು ತಮ್ಮ ನೀರಿನ ಬಹುಪಾಲನ್ನು ಪಶ್ಚಿಮ ಘಟ್ಟಗಳ ಮೇಲೆಯೇ ಸುರಿಸಿ ಬರುತ್ತವೆ. ಘಟ್ಟದ ಈಚೆಗಿರುವ ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಗೆ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳೇ ವರ್ಷದ ದೊಡ್ಡ ಮಳೆಯ ಕಾಲ. ಅಕ್ಟೋಬರ್ ನಡುವಿನ ಹೊತ್ತಿಗೆ ಮುಂಗಾರು ಹಿಂದೆ ಸರಿಯುತ್ತದೆ. ಆಗ ಬಂಗಾಳ ಕೊಲ್ಲಿಯ ನೀರು ಇನ್ನೂ ಬೆಚ್ಚಗಿರುತ್ತದೆ. ಆ ಬಿಸಿಯಿಂದ ಬಲ ಪಡೆದ ವಾಯುಭಾರ ಕುಸಿತಗಳು ಪಶ್ಚಿಮಕ್ಕೆ ಚಲಿಸಿ ನಮ್ಮ ಬಯಲಿನವರೆಗೂ ಮಳೆ ತರುತ್ತವೆ. ಅಟ್ಲಾಂಟಿಕ್ ಸಾಗರದಲ್ಲೂ ಬೇಸಿಗೆಯ ಬಿಸಿ ಉಂಡ ನೀರಿನಿಂದಲೇ ಶರತ್ಕಾಲದ ಚಂಡಮಾರುತಗಳು ಏಳುತ್ತವೆ. 1900ರ ಸೆಪ್ಟೆಂಬರ್ 8ರಂದು ಅಮೆರಿಕದ ಗಾಲ್ವೆಸ್ಟನ್ ಪಟ್ಟಣವನ್ನು ಹೊಡೆದು ಆರು ಸಾವಿರಕ್ಕೂ ಹೆಚ್ಚು ಜನರನ್ನು ಬಲಿ ಪಡೆದ ಬಿರುಗಾಳಿ ಅಂಥದ್ದು. ಕಡಲಿನಿಂದ ದೂರವಿರುವ ನಮಗೆ ಆ ಗಾಳಿಯ ಹೊಡೆತವಿಲ್ಲ. ಆದರೆ ಅದರ ನೀರಿನ ಲೆಕ್ಕದಿಂದ ನಾವು ಹೊರಗಲ್ಲ.

ಈ ಮಳೆ ಬಾರದಿದ್ದರೆ ಏನಾಗುತ್ತದೆ? 1876ರಲ್ಲಿ ಮುಂಗಾರು ಕೈಕೊಟ್ಟಿತು, ಅದರ ಬೆನ್ನಿಗೆ ಹಿಂಗಾರೂ ಕೈಕೊಟ್ಟಿತು. ಹಳೆಯ ಮೈಸೂರು ಸೀಮೆಯ ಹಿರಿಯರು ಧಾತು ಸಂವತ್ಸರದ ಬರವೆಂದು ನೆನೆಯುತ್ತಿದ್ದುದು ಅದನ್ನೇ. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರಿನ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು.

ಹೊತ್ತಲ್ಲದ ಹೊತ್ತಿನಲ್ಲಿ ಬಂದರೂ ಕಷ್ಟವೇ. 2021ರ ನವೆಂಬರ್ 11 ಮತ್ತು 19ರಂದು ಎರಡು ವಾಯುಭಾರ ಕುಸಿತಗಳು ತಮಿಳುನಾಡಿನ ಉತ್ತರ ಕರಾವಳಿಯನ್ನು ದಾಟಿದವು. ದಕ್ಷಿಣ ಒಳನಾಡಿನಲ್ಲಿ ವಾಡಿಕೆಯ ಹಲವು ಪಟ್ಟು ಮಳೆ ಸುರಿಯಿತು. ಬತ್ತಿದ ಕೆರೆಗಳು ಕೋಡಿ ಬಿದ್ದವೆಂದು ಸಂತೋಷಪಟ್ಟ ರೈತನೇ, ಕೊಯ್ಲಿಗೆ ಬಂದ ರಾಗಿ ಹೊಲದಲ್ಲಿ ಮಲಗಿ ತೆನೆಯಲ್ಲೇ ಮೊಳಕೆಯೊಡೆದುದನ್ನು ಕಂಡು ತಲೆಯ ಮೇಲೆ ಕೈಹೊತ್ತು ಕುಳಿತ. ಹುಲ್ಲೂ ಕಪ್ಪಾಗಿ ದನಗಳಿಗೆ ದಕ್ಕಲಿಲ್ಲ.

ಹಿಂಗಾರಿನ ಇನ್ನೊಂದು ಗುಣವನ್ನು ನಾವು ಸುಲಭವಾಗಿ ಮರೆಯುತ್ತೇವೆ. ಅದು ಒಂದೂರಿಗೆ ಸುರಿದು ಪಕ್ಕದೂರಿಗೆ ಹನಿಯನ್ನೂ ಹಾಕದೆ ಹೋಗಬಲ್ಲದು. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಶಿಂಷಾ ನದಿ ಗುಬ್ಬಿ ತಾಲ್ಲೂಕಿನ ಕಡಬ ಕೆರೆಯನ್ನು ಹಾದು ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯಕ್ಕೆ ಬರುತ್ತದೆ. ರಾತ್ರಿ ಮೇಲಿನ ಊರುಗಳಲ್ಲಿ ಬಿದ್ದ ಮಳೆ, ಮರುದಿನದ ಬಿಸಿಲಿನಲ್ಲಿ ಕೆಳಗಿನವರ ಕಾಲ ಬುಡಕ್ಕೆ ಬಂದಿರಬಹುದು.

ಮಾರ್ಕೋನಹಳ್ಳಿಯಲ್ಲಿ ಎಚ್ಚರಕ್ಕೆ ಇನ್ನೂ ಒಂದು ಕಾರಣವಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಈ ಜಲಾಶಯದಲ್ಲಿ ಹೆಚ್ಚಿನ ನೀರನ್ನು ತಾನಾಗಿಯೇ ಹೊರಹಾಕುವ ಸೈಫನ್ ವ್ಯವಸ್ಥೆಯಿದೆ. ಕಟ್ಟೆಯ ನೆತ್ತಿಯ ಮೇಲೆ ಬಾಗಿದ ಕೊಳವೆಯೊಂದನ್ನು ಊಹಿಸಿಕೊಳ್ಳಿ. ನೀರು ತುಂಬುವ ಮಟ್ಟ ದಾಟಿದಾಗ ಮೊದಲು ಸ್ವಲ್ಪವೇ ಹರಿಯುತ್ತದೆ. ಆ ಹರಿವು ಒಳಗಿನ ಗಾಳಿಯನ್ನು ಎಳೆದೊಯ್ಯುತ್ತದೆ. ಗಾಳಿ ಪೂರ್ತಿ ಹೊರಟೊಡನೆ ಕೊಳವೆ ತುಂಬಿ, ಹೀರುವ ಬಲ ಹುಟ್ಟಿ ನೀರು ಭೋರ್ಗರೆಯುತ್ತದೆ. ಮಟ್ಟ ಇಳಿದು ಗಾಳಿ ಮತ್ತೆ ಒಳಹೊಕ್ಕಾಗಲೇ ಅದು ನಿಲ್ಲುವುದು. ಗೇಟು ಎತ್ತುವ ಕೈಯಿಲ್ಲದೆ ಕಟ್ಟೆಯನ್ನು ಕಾಯುವ ಜಾಣ ಉಪಾಯವಿದು. ಆದರೆ ಹೀಗೆ ತಾನಾಗಿ ನುಗ್ಗುವ ನೀರು ಕೆಳಗೆ ನಿಂತವರನ್ನು ಕೇಳಿ ಬರುವುದಿಲ್ಲ.

2025ರ ಅಕ್ಟೋಬರ್ 7ರಂದು ತುಮಕೂರಿನಿಂದ ವಿಹಾರಕ್ಕೆ ಹೋಗಿದ್ದ ಬಂಧುಗಳ ಗುಂಪೊಂದು ಈ ಜಲಾಶಯದ ಕೆಳಭಾಗದಲ್ಲಿ ನೀರಿಗಿಳಿದಿತ್ತು. ಹರಿವು ಏಕಾಏಕಿ ಏರಿತು. ಹಲವರು ಕೊಚ್ಚಿಹೋಗಿ ಪ್ರಾಣ ಕಳೆದುಕೊಂಡರು; ಅವರಲ್ಲಿ ಹೆಂಗಸರೂ ಮಕ್ಕಳೂ ಇದ್ದರು.

ಆದ್ದರಿಂದ ಹಸ್ತದಿಂದ ವಿಶಾಖದವರೆಗೆ ನೀವು ಕೋಡಿ ಬಿದ್ದ ಕೆರೆಯನ್ನೋ ತುಂಬಿದ ಜಲಾಶಯವನ್ನೋ ನೋಡಲು ಹೊರಟರೆ ಕೆಲವು ಮಾತುಗಳನ್ನು ನೆನಪಿನಲ್ಲಿಡಿ. ನಿಮ್ಮೂರಿನ ಆಕಾಶವನ್ನಷ್ಟೇ ನೋಡಬೇಡಿ. ನದಿಯ ಮೇಲ್ಭಾಗದಲ್ಲಿ ಮಳೆಯಾಗಿದೆಯೇ ಎಂದು ವಿಚಾರಿಸಿ. ತಿಳಿನೀರು ಕೆಂಪಾದರೆ, ಕಸಕಡ್ಡಿ ತೇಲಿಬಂದರೆ, ಸದ್ದು ಹೆಚ್ಚಿದರೆ ಒಡನೆ ದಡ ಸೇರಿ. ಕೋಡಿಯ ಕೆಳಗೆ ಇಳಿಯಲೇಬೇಡಿ, ನೀರು ಪಾದ ಮುಳುಗುವಷ್ಟೇ ಇದ್ದರೂ ಸರಿಯೇ. ಸ್ಥಳದ ಜನ ಬೇಡವೆಂದರೆ ಅವರ ಮಾತು ಕೇಳಿ. ರಾಗಿ ಬೆಳೆದವರು ಕೊಯ್ಲಿನ ದಿನ ಗೊತ್ತುಮಾಡುವ ಮೊದಲು ಹವಾಮಾನ ಮುನ್ಸೂಚನೆಯಲ್ಲಿ ಬಂಗಾಳ ಕೊಲ್ಲಿಯ ಸುದ್ದಿಗೆ ಕಿವಿಗೊಡಿ. ಅಲ್ಲಿ ಎದ್ದ ಮೋಡ ಇಲ್ಲಿಗೆ ಬರಲು ಒಂದೆರಡು ದಿನ ಬೇಕು. ಅಷ್ಟು ಬಿಡುವು ಸಿಕ್ಕರೆ ಕೊಯ್ದ ಬೆಳೆಯನ್ನು ಬಣವೆ ಹಾಕಿ ಹೊದಿಸಬಹುದು.